ಸ್ವಯಂಸೇವಕರ ಓಪನ್ ಸೋರ್ಸ್ ಯೋಜನೆ: ಮೊದಲ ಕಮಿಟ್‌ನಿಂದ ವಕೀಲರ ನೋಟಿಸ್‌ವರೆಗೆ ಲೈಸೆನ್ಸ್ ಮತ್ತು ಪೇಟೆಂಟ್ ಕೆಲಸ

ರಾಬರ್ಟ್ ಜೇಕಬ್‌ಸನ್ ಅಮೆರಿಕದ ಬರ್ಕ್ಲಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ಅವರಿಗೆ ಮಾದರಿ ರೈಲುಗಳ ಹುಚ್ಚು. ಮನೆಯೊಳಗೆ ಹಾಸಿದ ಪುಟ್ಟ ಹಳಿಗಳ ಮೇಲೆ ಓಡುವ ಎಂಜಿನ್‌ಗಳನ್ನೂ ಸಿಗ್ನಲ್‌ಗಳನ್ನೂ ಕಂಪ್ಯೂಟರ್‌ನಿಂದ ನಡೆಸುವ ಜೆಎಂಆರ್‌ಐ ಎಂಬ ತಂತ್ರಾಂಶವನ್ನು ಅವರೂ ಅವರಂಥ ಹವ್ಯಾಸಿಗಳೂ ಬಿಡುವಿನಲ್ಲಿ ಬರೆದು ಉಚಿತವಾಗಿ ಹಂಚುತ್ತಿದ್ದರು. 2005ರಲ್ಲಿ ಅದೇ ಬಗೆಯ ತಂತ್ರಾಂಶ ಮಾರುತ್ತಿದ್ದ ಮ್ಯಾಥ್ಯೂ ಕ್ಯಾಟ್ಜರ್ ಎಂಬವರ ಕಡೆಯಿಂದ ಪತ್ರ ಬಂತು. ನಿಮ್ಮ ತಂತ್ರಾಂಶ ನಮ್ಮ ಪೇಟೆಂಟನ್ನು ಉಲ್ಲಂಘಿಸುತ್ತಿದೆ, ಹಂಚಿದ ಪ್ರತಿಯೊಂದಕ್ಕೂ ಹಣ ಕಟ್ಟಿ ಎಂಬುದು ಅದರ ಸಾರಾಂಶ. ಒಂದು ಕಾಸನ್ನೂ ಪಡೆಯದೆ ಹಂಚಿದವರ ಕೈಗೆ 2 ಲಕ್ಷ ಡಾಲರ್ ಮೀರಿದ ಬಿಲ್ ಬಂದಿತ್ತು.

ಜೇಕಬ್‌ಸನ್ ಬಿಲ್ ಕಟ್ಟಲಿಲ್ಲ. 2006ರಲ್ಲಿ ತಾವೇ ನ್ಯಾಯಾಲಯದ ಮೆಟ್ಟಿಲೇರಿದರು. ಆ ಹೊತ್ತಿಗೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಎಂಜಿನ್ ಒಳಗಿನ ಡಿಕೋಡರ್ ಚಿಪ್‌ಗಳ ವಿವರ ಬರೆದಿಟ್ಟ ಜೆಎಂಆರ್‌ಐ ಫೈಲ್‌ಗಳು ಎದುರಾಳಿಯ ತಂತ್ರಾಂಶದಲ್ಲಿ ಸೇರಿದ್ದವು; ಬರೆದವರ ಹೆಸರು, ಕಾಪಿರೈಟ್ ಸೂಚನೆ, ಲೈಸೆನ್ಸ್ ಎಲ್ಲಿದೆ ಎಂಬ ಉಲ್ಲೇಖ, ಯಾವುದೂ ಅಲ್ಲಿ ಉಳಿದಿರಲಿಲ್ಲ. ಇದು ಹೆಚ್ಚೆಂದರೆ ಕರಾರು ಮುರಿದಂತೆ ಎಂದು 2007ರಲ್ಲಿ ಕೆಳ ನ್ಯಾಯಾಲಯ ತಳ್ಳಿಹಾಕಿತು. ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶ) ಲೈಸೆನ್ಸಿನಲ್ಲಿ ಬರೆದದ್ದು ನಿಜವಾದ ಷರತ್ತು, ಅದನ್ನು ಮೀರಿ ನಕಲು ಮಾಡಿದರೆ ಕಾಪಿರೈಟ್ ಉಲ್ಲಂಘನೆಯೇ ಆಗಬಹುದು ಎಂದು 2008ರ ಆಗಸ್ಟ್ 13ರಂದು ತೀರ್ಪು ಬಂತು. ಪ್ರಕರಣದ ನಡುವೆ ಕ್ಯಾಟ್ಜರ್ ಆ ಪೇಟೆಂಟನ್ನೇ ಬಿಟ್ಟುಕೊಟ್ಟರು. 2010ರ ರಾಜಿಯಲ್ಲಿ 1 ಲಕ್ಷ ಡಾಲರ್ ಕೊಡಲು ಒಪ್ಪಿದರು. ಪೇಟೆಂಟ್ ಹಿಡಿದು ಬಂದವರ ಎದುರು ಈ ಹವ್ಯಾಸಿಗಳಿಗೆ ಗಟ್ಟಿ ನೆಲೆ ಕೊಟ್ಟದ್ದು ಫೈಲ್‌ಗಳ ತಲೆಯಲ್ಲಿ ಬರೆದಿಟ್ಟ ನಾಲ್ಕು ಸಾಲು.

ಆ ನಾಲ್ಕು ಸಾಲು ಬರೆಯುವ ಮುನ್ನ, ಬರೆಯುವಾಗ ಮತ್ತು ಬರೆದ ಮೇಲೆ ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಕೊಟ್ಟಿದ್ದೇನೆ. ನಾನು ವಕೀಲನಲ್ಲ. ನಿಮ್ಮ ಮೇಲೆ ಈಗಾಗಲೇ ದಾವೆ ಇದ್ದರೆ ಓದುವುದನ್ನು ನಿಲ್ಲಿಸಿ ನೇರವಾಗಿ ಏಳನೇ ಹಂತಕ್ಕೆ ಹೋಗಿ.

1. ಕೋಡ್ ನಿಮ್ಮದೇ ಹೌದೇ, ಮೊದಲು ನೋಡಿಕೊಳ್ಳಿ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿನಲ್ಲಿ ಇರಿಸಿದೆ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಹಕ್ಕು ಯಾರಿಗೆ ಹುಟ್ಟುತ್ತದೆ ಎಂಬಲ್ಲಿ ತೊಡಕು. ಕಲಂ 17ರ ಪ್ರಕಾರ ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನೇ ಮೊದಲ ಹಕ್ಕುದಾರ.

ಬೆಂಗಳೂರಿನಲ್ಲಿ ರಾತ್ರಿ ಹೊತ್ತು ಕನ್ನಡದ ಕೀಲಿಮಣೆ, ಕಾಗುಣಿತ ತಪಾಸಕ ಎಂದು ಕುಳಿತು ಬರೆಯುವವರು ಹಗಲಲ್ಲಿ ಯಾವುದಾದರೊಂದು ಕಂಪನಿಯ ನೌಕರರೇ. ನೌಕರಿಗೆ ಸೇರುವ ದಿನ ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತಾರೆ. ಆ ಕಾಗದವನ್ನು ಹುಡುಕಿ ತೆಗೆಯಿರಿ. ನೌಕರಿಯ ಅವಧಿಯಲ್ಲಿ ನೀವು ರೂಪಿಸಿದ್ದೆಲ್ಲವೂ ಕಂಪನಿಗೆ ಸೇರಿದ್ದು ಎಂಬ ಅಗಲವಾದ ವಾಕ್ಯ ಅಲ್ಲಿದ್ದರೆ, ಶನಿವಾರ ಸಂಜೆ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಬರೆದದ್ದರ ಮೇಲೂ ನಾಳೆ ತಕರಾರು ಎದ್ದೀತು.

ಮೇಲಧಿಕಾರಿ ಊಟದ ಹೊತ್ತಿನಲ್ಲಿ ಪರವಾಗಿಲ್ಲ ಮಾಡಿ ಎಂದದ್ದು ಸಾಲದು. ಬರಹದಲ್ಲಿ ಕೇಳಿ. ಪತ್ರದಲ್ಲಿ ಯೋಜನೆಯ ಹೆಸರು, ಕೋಡ್ ಇರುವ ವಿಳಾಸ, ಅದರ ಲೈಸೆನ್ಸ್ ಇರಲಿ. ನಿಮ್ಮ ಕೊಡುಗೆಯ ಕಾಪಿರೈಟ್ ಮೇಲೂ ಅದಕ್ಕೆ ತಗಲುವ ಪೇಟೆಂಟ್‌ಗಳ ಮೇಲೂ ಕಂಪನಿ ಹಕ್ಕು ಸಾಧಿಸುವುದಿಲ್ಲ ಎಂಬ ಮಾತು ಸ್ಪಷ್ಟವಾಗಿ ಇರಲಿ. ಪೇಟೆಂಟ್ ಎಂಬ ಪದ ಬಿಟ್ಟುಹೋಗುವುದೇ ಹೆಚ್ಚು, ಅದನ್ನು ಬಿಡಬೇಡಿ. ಸಹಿ ಹಾಕುವವರು ಕಂಪನಿಯ ಪರವಾಗಿ ಸಹಿ ಹಾಕುವ ಅಧಿಕಾರ ಇರುವವರೇ ಆಗಿರಲಿ. ತಂಡದಲ್ಲಿ ಐವರಿದ್ದರೆ ಐವರೂ ಇದನ್ನು ಮಾಡಬೇಕು.

2. ಲೈಸೆನ್ಸ್ ಆರಿಸಿ, ಹೊಸದನ್ನು ಹೊಸೆಯಬೇಡಿ

ಕೋಡ್ ಸಾರ್ವಜನಿಕವಾಗಿ ಕಾಣಿಸುತ್ತಿದೆ ಎಂದ ಮಾತ್ರಕ್ಕೆ ಯಾರು ಬೇಕಾದರೂ ಬಳಸಬಹುದು ಎಂದಲ್ಲ. ಲೈಸೆನ್ಸ್ ಇಲ್ಲದ ಕೋಡ್‌ನ ಎಲ್ಲ ಹಕ್ಕೂ ಬರೆದವರಲ್ಲೇ ಉಳಿದಿರುತ್ತದೆ. ನೋಡಬಹುದು, ಮುಟ್ಟುವ ಹಾಗಿಲ್ಲ. ಕನ್ನಡದ ಎಷ್ಟೋ ಒಳ್ಳೆಯ ಸಣ್ಣ ತಂತ್ರಾಂಶಗಳು ಈ ಸ್ಥಿತಿಯಲ್ಲಿ ಬಿದ್ದಿವೆ. ಬರೆದವರಿಗೆ ಹಂಚುವ ಮನಸ್ಸಿತ್ತು, ಒಂದು ಫೈಲ್ ಸೇರಿಸುವುದು ಮರೆತಿತ್ತು, ಈಗ ಅವರ ಇಮೇಲ್ ವಿಳಾಸವೇ ನಡೆಯುತ್ತಿಲ್ಲ.

ಆಯ್ಕೆಯನ್ನು ಪೇಟೆಂಟ್ ಕಣ್ಣಿನಿಂದ ನೋಡಿದರೆ ಪಟ್ಟಿ ಬೇಗ ಚಿಕ್ಕದಾಗುತ್ತದೆ. ಎಂಐಟಿ, ಬಿಎಸ್‌ಡಿ ಲೈಸೆನ್ಸ್‌ಗಳು ಚುಟುಕು, ಎಲ್ಲರಿಗೂ ಪ್ರಿಯ. ಆದರೆ ಅವುಗಳಲ್ಲಿ ಪೇಟೆಂಟ್ ಎಂಬ ಮಾತೇ ಇಲ್ಲ. ಒಂದು ಕಂಪನಿ ನಿಮ್ಮ ಯೋಜನೆಗೆ ಕೋಡ್ ಕೊಟ್ಟು, ಆಮೇಲೆ ಅದೇ ಕೋಡ್‌ನಲ್ಲಿರುವ ತಂತ್ರದ ಮೇಲೆ ತನ್ನ ಪೇಟೆಂಟ್ ಇದೆ ಎಂದರೆ, ಅನುಮತಿ ಪರೋಕ್ಷವಾಗಿ ಸಿಕ್ಕಿದೆ ಎಂದು ವಾದಿಸಬೇಕೇ ಹೊರತು ತೋರಿಸಲು ಸಾಲು ಇರುವುದಿಲ್ಲ. 2004ರ ಅಪಾಚೆ 2.0 ಲೈಸೆನ್ಸಿನಲ್ಲಿ ಆ ಸಾಲು ಇದೆ: ಕೋಡ್ ಕೊಟ್ಟವರು, ಆ ಕೊಡುಗೆಗೆ ತಗಲುವ ತಮ್ಮ ಪೇಟೆಂಟ್‌ಗಳ ಅನುಮತಿಯನ್ನೂ ಕೊಟ್ಟಂತೆ; ಆ ತಂತ್ರಾಂಶವೇ ತನ್ನ ಪೇಟೆಂಟನ್ನು ಉಲ್ಲಂಘಿಸುತ್ತದೆ ಎಂದು ಯಾರಾದರೂ ದಾವೆ ಹೂಡಿದರೆ ಅವರಿಗೆ ಸಿಕ್ಕ ಪೇಟೆಂಟ್ ಅನುಮತಿ ಅಲ್ಲಿಗೆ ರದ್ದು. 2007ರ ಜಿಪಿಎಲ್ 3 ಲೈಸೆನ್ಸಿನಲ್ಲೂ ಇಂಥದೇ ಏರ್ಪಾಡಿದೆ. 2006ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮತ್ತು, ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಮಾರುತ್ತಿದ್ದ ನೋವೆಲ್ ಕಂಪನಿಗಳು ನೋವೆಲ್ ಗ್ರಾಹಕರಿಗೆ ಮಾತ್ರ ಪೇಟೆಂಟ್ ರಕ್ಷಣೆ ಎಂಬ ಒಪ್ಪಂದ ಮಾಡಿಕೊಂಡಾಗ, ಅಂಥದ್ದು ಮತ್ತೆ ನಡೆಯದಂತೆ ಆ ಲೈಸೆನ್ಸಿನ ಕರಡಿಗೆ ಹೆಚ್ಚಿನ ಷರತ್ತುಗಳು ಸೇರಿದವು.

ನಮ್ಮ ಕಾಯ್ದೆಯಲ್ಲಿ ಇನ್ನೊಂದು ಸಣ್ಣ ವಿಷಯವಿದೆ, ಅದನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದೂ ಕಲಂ 19 ಭಾವಿಸುತ್ತದೆ. ಕಲಂ 30ಎ ಈ ನಿಯಮವನ್ನು ಅಗತ್ಯ ಮಾರ್ಪಾಡಿನೊಡನೆ ಲೈಸೆನ್ಸ್‌ಗಳಿಗೂ ಅನ್ವಯಿಸುತ್ತದೆ. ಅಪಾಚೆ 2.0ದಲ್ಲಿ ಶಾಶ್ವತ ಮತ್ತು ವಿಶ್ವವ್ಯಾಪಿ ಎಂದು ಬರೆದಿದೆ. ಜಿಪಿಎಲ್ 3 ಕಾಪಿರೈಟ್ ಇರುವಷ್ಟೂ ಕಾಲ ಎನ್ನುತ್ತದೆ. ಎಂಐಟಿ ಎರಡರ ಬಗ್ಗೆಯೂ ಬಾಯಿ ಬಿಡುವುದಿಲ್ಲ. ಇದರಿಂದ ನಾಳೆಯೇ ಆಕಾಶ ಕಳಚಿ ಬೀಳುವುದಿಲ್ಲ, ಆದರೆ ಇಲ್ಲಿ ಹೊಸದಾಗಿ ಶುರುಮಾಡುವವರು ಬಾಯಿ ಬಿಡುವ ಲೈಸೆನ್ಸನ್ನೇ ಆರಿಸುವುದು ಮೇಲು.

ನನ್ನ ಸಲಹೆ ಹೀಗಿದೆ. ಬೇರೆಯವರು ತಮ್ಮ ತಂತ್ರಾಂಶದಲ್ಲಿ ಜೋಡಿಸಿಕೊಳ್ಳಲಿ ಎಂದು ಬರೆಯುವ ಲೈಬ್ರರಿಗೆ ಅಪಾಚೆ 2.0. ಬಳಕೆದಾರರ ಕೈಗೆ ಹೋಗುವ ಪೂರ್ಣ ತಂತ್ರಾಂಶವನ್ನು ತಿದ್ದಿದವರು ತಿದ್ದಿದ ಕೋಡನ್ನೂ ಹಂಚಲಿ ಎಂಬ ಆಸೆಯಿದ್ದರೆ ಜಿಪಿಎಲ್ 3, ಜೊತೆಗೆ ‘ಅಥವಾ ಮುಂದಿನ ಆವೃತ್ತಿ’ ಎಂಬ ಮಾತು. ಸರ್ವರ್ ಮೇಲೆ ನಡೆದು ಜಾಲದ ಮೂಲಕವೇ ಸೇವೆ ಕೊಡುವಂಥದ್ದಕ್ಕೆ ಜಿಪಿಎಲ್‌ನದೇ ಇನ್ನೊಂದು ರೂಪವಾದ ಎಜಿಪಿಎಲ್. ಜಿಪಿಎಲ್ 2 ಮಾತ್ರ ಎಂದು ಹೊಸ ಯೋಜನೆಗೆ ಬರೆಯಬೇಡಿ. ಅದರ ಜೊತೆ ಅಪಾಚೆ 2.0 ಕೋಡ್ ಬೆರೆಸಲು ಬರುವುದಿಲ್ಲ.

‘ವಾಣಿಜ್ಯ ಬಳಕೆಗೆ ಅಲ್ಲ’, ‘ಕನ್ನಡದ ಒಳಿತಿಗೆ ಮಾತ್ರ’ ಎಂಬಂಥ ಸಾಲುಗಳನ್ನು ಸೇರಿಸುವ ಆಸೆ ಬರುತ್ತದೆ. ಬೇಡ. ಮೊದಲನೆಯದು ಸೇರಿದರೆ ನಿಮ್ಮ ಯೋಜನೆ ಓಪನ್ ಸೋರ್ಸ್ ಆಗಿ ಉಳಿಯುವುದಿಲ್ಲ, ಡೆಬಿಯನ್, ಫೆಡೋರಾಗಳಂಥ ಲಿನಕ್ಸ್ ವಿತರಣೆಗಳ ಮುಖ್ಯ ಸಂಗ್ರಹಕ್ಕೆ ಸೇರುವುದಿಲ್ಲ. ಎರಡನೆಯದರ ಅರ್ಥವೇನು ಎಂದು ತೀರ್ಮಾನಿಸಲು ನ್ಯಾಯಾಧೀಶರೇ ಬೇಕಾದೀತು. ಸ್ವಂತ ಪ್ರಯೋಗ ದೊಡ್ಡವರಿಗೂ ದಕ್ಕಿಲ್ಲ. ಫೇಸ್‌ಬುಕ್ ತನ್ನ ರಿಯಾಕ್ಟ್ ಲೈಬ್ರರಿಗೆ ಬಿಎಸ್‌ಡಿ ಲೈಸೆನ್ಸಿನ ಜೊತೆ ತನ್ನದೇ ಪೇಟೆಂಟ್ ಷರತ್ತು ಅಂಟಿಸಿತ್ತು. 2017ರ ಜುಲೈನಲ್ಲಿ, ಅಪಾಚೆ ಲೈಸೆನ್ಸ್ ರೂಪಿಸಿದ ಅಪಾಚೆ ಫೌಂಡೇಶನ್ ತನ್ನ ಯೋಜನೆಗಳಲ್ಲಿ ಅದನ್ನು ನಿಷೇಧಿಸಿತು. ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಎಂಐಟಿಗೆ ಬದಲಾಯಿಸಿತು.

3. ಬರೆದು ಅಂಟಿಸಿ

ಇದು ಅರ್ಧ ಗಂಟೆಯ ಕೆಲಸ. ಲೈಸೆನ್ಸಿನ ಪೂರ್ಣ ಪಠ್ಯ, ಒಂದಕ್ಷರವೂ ಬದಲಾಗದಂತೆ, ಮೂಲ ಕಡತಕೋಶದಲ್ಲಿ ಇರಲಿ. ಪ್ರತಿ ಕೋಡ್ ಫೈಲ್‌ನ ತಲೆಯಲ್ಲಿ ಎರಡು ಸಾಲು: ವರ್ಷ ಮತ್ತು ಹಕ್ಕುದಾರರ ಹೆಸರು ಒಂದರಲ್ಲಿ, ಪ್ರತಿ ಲೈಸೆನ್ಸಿಗೂ ಚುಟುಕು ಗುರುತು ಕೊಡುವ ಎಸ್‌ಪಿಡಿಎಕ್ಸ್ ಪಟ್ಟಿಯಲ್ಲಿರುವ ಲೈಸೆನ್ಸ್ ಗುರುತು ಇನ್ನೊಂದರಲ್ಲಿ. ಎಸ್‌ಪಿಡಿಎಕ್ಸ್ 2021ರಿಂದ ಅಂತಾರಾಷ್ಟ್ರೀಯ ಮಾನಕ, ಯಂತ್ರವೂ ಓದಬಲ್ಲದು. ಯುರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ರೂಪಿಸಿದ ರಿಯೂಸ್ ಎಂಬ ಉಪಕರಣ ಯಾವ ಫೈಲ್‌ನಲ್ಲಿ ಸಾಲು ಬಿಟ್ಟಿದೆ ಎಂದು ಪಟ್ಟಿ ಮಾಡಿ ಕೊಡುತ್ತದೆ. ಫೈಲ್‌ಗಳು ಒಂದೊಂದಾಗಿ ಕಿತ್ತು ಬೇರೆಡೆ ಹೋಗುತ್ತವೆ, ಜೆಎಂಆರ್‌ಐನಲ್ಲಿ ಆದದ್ದೂ ಅದೇ. ಆದ್ದರಿಂದ ಮೂಲ ಕಡತಕೋಶದ ಒಂದೇ ಫೈಲ್ ನೆಚ್ಚಿಕೊಂಡು ಕೂರಬೇಡಿ.

‘ಯೋಜನೆಯ ತಂಡ’ ಎಂದು ಹಕ್ಕುದಾರರ ಹೆಸರು ಬರೆಯುವುದು ಚೆಂದ ಕಾಣುತ್ತದೆ. ನೋಂದಾಯಿಸದ ತಂಡ ಕಾನೂನಿನ ಕಣ್ಣಿಗೆ ವ್ಯಕ್ತಿಯಲ್ಲ. ‘ಯೋಜನೆಗೆ ಕೊಡುಗೆ ಕೊಟ್ಟವರು’ ಎಂದು ಬರೆದು, ಹೆಸರುಗಳ ಪಟ್ಟಿಯನ್ನು ಪ್ರತ್ಯೇಕ ಫೈಲ್‌ನಲ್ಲಿ ಇಡಿ.

4. ಬಂದ ಕೊಡುಗೆಗೆ ದಾಖಲೆ ಇರಲಿ

2003ರಲ್ಲಿ ಎಸ್‌ಸಿಒ ಎಂಬ ಕಂಪನಿ, ತನ್ನ ಯುನಿಕ್ಸ್ ಕೋಡ್ ಲಿನಕ್ಸ್‌ನೊಳಗೆ ಸೇರಿದೆ ಎಂದು ಐಬಿಎಂ ಮೇಲೆ ದಾವೆ ಹೂಡಿತು. ಯಾವ ಸಾಲು ಯಾರಿಂದ ಬಂತು ಎಂದು ತೋರಿಸಬೇಕಾದ ಒತ್ತಡದಲ್ಲಿ 2004ರಲ್ಲಿ ಲಿನಕ್ಸ್ ಕರ್ನೆಲ್ ತಂಡ ಡಿಸಿಒ ಎಂಬ ಪುಟ್ಟ ಪ್ರಮಾಣಪತ್ರ ತಂದಿತು. ಇದನ್ನು ನಾನೇ ಬರೆದಿದ್ದೇನೆ, ಅಥವಾ ಹಂಚುವ ಹಕ್ಕು ನನಗಿದೆ, ಈ ಲೈಸೆನ್ಸಿನಡಿ ಕೊಡುತ್ತಿದ್ದೇನೆ ಎಂಬುದು ಅದರ ತಿರುಳು. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಉಪಕರಣದ ಕಮಿಟ್ ಆದೇಶಕ್ಕೆ ಸಣ್ಣಕ್ಷರದ ಎಸ್ (-s) ಎಂಬ ಆಯ್ಕೆ ಸೇರಿಸಿದರೆ ಸಹಿಯ ಸಾಲು ತಾನಾಗಿ ಬೀಳುತ್ತದೆ. ಸಣ್ಣ ತಂಡಕ್ಕೆ ಇಷ್ಟು ಸಾಕು. ಪುಟಗಟ್ಟಲೆ ಒಪ್ಪಂದ ಮುಂದಿಟ್ಟರೆ ಒಂದು ಕಾಗುಣಿತ ತಿದ್ದಲು ಬಂದವರು ಹಾಗೇ ಹಿಂದಿರುಗುತ್ತಾರೆ.

ಪ್ರತಿಯೊಬ್ಬರ ಕೊಡುಗೆಯ ಹಕ್ಕು ಅವರವರಲ್ಲೇ ಉಳಿಯುತ್ತದೆ ಎಂಬುದು ಮಾತ್ರ ನೆನಪಿರಲಿ. ಮುಂದೆ ಲೈಸೆನ್ಸ್ ಬದಲಿಸಬೇಕಾದರೆ ಎಲ್ಲರ ಮನೆ ಬಾಗಿಲು ತಟ್ಟಬೇಕು. ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರ್ ಇದನ್ನು ಅನುಭವಿಸಿತು. ಆಪಲ್‌ನ ಆ್ಯಪ್ ಅಂಗಡಿಯ ನಿಯಮ ಜಿಪಿಎಲ್‌ಗೆ ಹೊಂದುವುದಿಲ್ಲ ಎಂದು ವಿಎಲ್‌ಸಿ ಬರೆದವರಲ್ಲೇ ಒಬ್ಬರು ದೂರು ಕೊಟ್ಟರು, 2011ರ ಜನವರಿಯಲ್ಲಿ ಐಫೋನ್‌ನ ವಿಎಲ್‌ಸಿ ಅಂಗಡಿಯಿಂದ ಮಾಯವಾಯಿತು. ನೂರಾರು ಹಳೆಯ ಸ್ವಯಂಸೇವಕರನ್ನು ಪತ್ತೆಹಚ್ಚಿ ಒಪ್ಪಿಗೆ ಪಡೆದು ಲೈಸೆನ್ಸ್ ಬದಲಿಸಿ ಅದು ಮರಳಿದ್ದು 2013ರ ಜುಲೈನಲ್ಲಿ. ಜಾಲದ ಮಾತುಕತೆಯನ್ನು ಗೂಢಲಿಪಿಯಿಂದ ಕಾಪಾಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ 2017ರಲ್ಲಿ ಅಪಾಚೆಗೆ ಬದಲಾಗಲು ಹೊರಟಾಗ ಸುಮಾರು 400 ಜನರಿಗೆ ಪತ್ರ ಬರೆಯಬೇಕಾಯಿತು. ಆ ಲೈಸೆನ್ಸಿನ ಆವೃತ್ತಿ ಹೊರಬಂದದ್ದು 2021ರಲ್ಲಿ. ಸ್ವಯಂಸೇವಕರೇ ರೂಪಿಸುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ 2012ರಲ್ಲಿ ಲೈಸೆನ್ಸ್ ಬದಲಿಸಿದಾಗ, ಒಪ್ಪದವರು ಗುರುತಿಸಿದ ರಸ್ತೆಗಳನ್ನು ನಕ್ಷೆಯಿಂದಲೇ ಅಳಿಸಿತು.

ಆದ್ದರಿಂದ ಪ್ರತಿ ಕೊಡುಗೆದಾರರ ಒಂದು ಖಾಯಂ ಇಮೇಲ್ ಇಟ್ಟುಕೊಳ್ಳಿ. ಕಾಲೇಜಿನ ಅಥವಾ ಕಚೇರಿಯ ವಿಳಾಸ ಬೇಡ, ಅದು ಅವರು ಅಲ್ಲಿಂದ ಹೊರಟ ದಿನವೇ ಸಾಯುತ್ತದೆ.

5. ಹೊರಗಿನಿಂದ ತಂದದ್ದರ ಲೆಕ್ಕ

ಕನ್ನಡದ ಯೋಜನೆಗಳು ಹೆಚ್ಚಾಗಿ ಎಡವುವುದು ಇಲ್ಲಿ. ನಮ್ಮಲ್ಲಿ ಕೋಡ್‌ಗಿಂತ ಪದಪಟ್ಟಿ, ನಿಘಂಟು, ಫಾಂಟ್, ಪಠ್ಯಸಂಗ್ರಹಗಳೇ ಹೆಚ್ಚು. ಇವಕ್ಕೂ ಒಡೆಯರಿರುತ್ತಾರೆ ಎಂಬುದೇ ಹಲವರಿಗೆ ಹೊಳೆಯುವುದಿಲ್ಲ.

ನಿಘಂಟಿನ ಉದಾಹರಣೆ ತೆಗೆದುಕೊಳ್ಳಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ಅಲರ್ 2019ರಲ್ಲಿ ಜಾಲಕ್ಕೆ ಬಂತು. ಅದರ ದತ್ತಾಂಶ ಒಡಿಬಿಎಲ್ ಎಂಬ, ದತ್ತಸಂಚಯಗಳಿಗೆಂದೇ ಮಾಡಿದ ಲೈಸೆನ್ಸಿನಲ್ಲಿದೆ. ಕನ್ನಡ ವಿಕ್ಷನರಿಯ ಪಠ್ಯ ಇರುವುದು ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ ಲೈಸೆನ್ಸಿನಲ್ಲಿ. ಎರಡೂ ಮುಕ್ತ, ಎರಡೂ ‘ತಿದ್ದಿದರೆ ಇದೇ ಲೈಸೆನ್ಸಿನಲ್ಲಿ ಹಂಚು’ ಎನ್ನುತ್ತವೆ. ನಿಮ್ಮ ಆ್ಯಪ್‌ನಲ್ಲಿ ಎರಡನ್ನೂ ಒಂದೇ ಕೋಷ್ಟಕಕ್ಕೆ ಸುರಿದು ನಕಲು ನಮೂದು ತೆಗೆದು ಬೆರೆಸಿದಿರಿ ಎನ್ನಿ. ಹುಟ್ಟಿದ ಪಟ್ಟಿಯನ್ನು ಯಾವ ಲೈಸೆನ್ಸಿನಲ್ಲಿ ಹಂಚುತ್ತೀರಿ? ಒಂದರ ಮಾತು ಕೇಳಿದರೆ ಇನ್ನೊಂದರ ಮಾತು ಮೀರಿದಂತೆ. ಪರಿಹಾರ ಸರಳ: ಎರಡು ಫೈಲ್, ಎರಡು ಲೈಸೆನ್ಸ್. ಪರದೆಯ ಮೇಲೆ ಒಂದರ ಕೆಳಗೊಂದು ತೋರಿಸಿ, ಪ್ರತಿಯೊಂದರ ಪಕ್ಕದಲ್ಲಿ ಮೂಲ ಹೆಸರಿಸಿ. ಆ್ಯಪ್‌ನ ಕೋಡ್‌ಗೆ ಮೂರನೆಯ ಲೈಸೆನ್ಸ್ ಇದ್ದರೂ ತೊಂದರೆಯಿಲ್ಲ.

ಫಾಂಟ್‌ಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಎಸ್‌ಐಎಲ್ ಸಂಸ್ಥೆಯ ಓಪನ್ ಫಾಂಟ್ ಲೈಸೆನ್ಸ್. ತಂತ್ರಾಂಶದ ಜೊತೆ ಕಟ್ಟಿಕೊಡಬಹುದು, ಫಾಂಟನ್ನಷ್ಟೇ ಮಾರುವಂತಿಲ್ಲ. ಕೆಲವು ಫಾಂಟ್‌ಗಳ ಹೆಸರು ಕಾಯ್ದಿರಿಸಲಾಗಿರುತ್ತದೆ. ಒತ್ತಕ್ಷರವೊಂದು ಕೆಳಗಿನ ಸಾಲಿಗೆ ತಾಗುತ್ತದೆ ಎಂದು ನೀವು ಅಂಥ ಫಾಂಟ್‌ನಲ್ಲಿ ಅದೊಂದನ್ನೇ ಸರಿಪಡಿಸಿ ಹಂಚಿದರೂ ಹೊಸ ಹೆಸರಿಡಲೇಬೇಕು. ಫೈಲ್‌ನ ಹೆಸರು ಬದಲಿಸಿದರೆ ಸಾಲದು, ಫಾಂಟ್‌ನ ಒಳಗಿನ ಹೆಸರಿನ ಕೋಷ್ಟಕದಲ್ಲೂ ಬದಲಿಸಬೇಕು. ಹಳೆಯ ಸಿ.ಡಿ.ಗಳಲ್ಲಿ, ಡಿ.ಟಿ.ಪಿ. ಅಂಗಡಿಗಳಲ್ಲಿ ಸಿಕ್ಕ, ಮೂಲ ಗೊತ್ತಿಲ್ಲದ ಫಾಂಟ್‌ಗಳನ್ನು ಎಷ್ಟೇ ಚೆಂದವಿರಲಿ ಮುಟ್ಟಬೇಡಿ.

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಿಂದ ಎತ್ತಿದ ಹತ್ತಿಪ್ಪತ್ತು ಸಾಲಿಗೂ ಲೈಸೆನ್ಸ್ ಇದೆ. 2018ರ ಮೇ ನಂತರದ ಬರಹ ಬಿವೈ-ಎಸ್‌ಎ 4.0, ಅದನ್ನು ಜಿಪಿಎಲ್ 3ರ ಯೋಜನೆಗೆ ಸೇರಿಸಬಹುದು, ಅಪಾಚೆ ಯೋಜನೆಗೆ ಸೇರಿಸಿ ಅಪಾಚೆ ಎಂದು ಹಂಚುವಂತಿಲ್ಲ. ಅದಕ್ಕೆ ಹಿಂದಿನ 3.0 ಆವೃತ್ತಿಯ ಬರಹಕ್ಕೆ ಜಿಪಿಎಲ್ ಸೌಲಭ್ಯವೂ ಇಲ್ಲ. ಓದಿ ಅರ್ಥಮಾಡಿಕೊಂಡು ನಿಮ್ಮ ಕೈಯಿಂದ ಬರೆಯಿರಿ. ಎಐ ಉಪಕರಣ ಬರೆದ ಕೋಡ್ ಬಗ್ಗೆ ತಂಡದ ನಿಲುವೇನು ಎಂದು ಈಗಲೇ ಬರೆದಿಡಿ. ಜೆಂಟೂ ಲಿನಕ್ಸ್ 2024ರ ಏಪ್ರಿಲ್‌ನಲ್ಲಿ ಅದನ್ನು ಪೂರ್ತಿ ನಿಷೇಧಿಸಿತು, ಕಾಪಿರೈಟ್ ಅಸ್ಪಷ್ಟತೆ ಅದರ ಕಾರಣಗಳಲ್ಲಿ ಒಂದು. ನೀವು ಅಷ್ಟು ದೂರ ಹೋಗಬೇಕಿಲ್ಲ. ಬಳಸಿದ್ದರೆ ಕಮಿಟ್ ಸಂದೇಶದಲ್ಲಿ ಹೇಳಬೇಕು ಎಂಬ ನಿಯಮವಾದರೂ ಇರಲಿ.

6. ಪೇಟೆಂಟ್: ಎಷ್ಟು ಹೆದರಬೇಕೋ ಅಷ್ಟೇ ಹೆದರಿ

ಕಾಪಿರೈಟ್ ಇರುವುದು ನೀವು ಬರೆದ ಸಾಲಿಗೆ. ಪೇಟೆಂಟ್ ಇರುವುದು ಆ ಸಾಲು ಮಾಡುವ ಕೆಲಸದ ವಿಧಾನಕ್ಕೆ. ಇನ್ನೊಬ್ಬರ ಕೋಡ್ ನೋಡದೆ ಸ್ವಂತ ಬುದ್ಧಿಯಿಂದ ಬರೆದಿದ್ದರೂ ಪೇಟೆಂಟ್ ತಗಲಬಹುದು. ಸ್ವಯಂಸೇವಕರಿಗೆ ಇದೇ ಅನ್ಯಾಯ ಎನಿಸುವುದು, ನನಗೂ ಹಾಗೇ ಅನಿಸುತ್ತದೆ.

ಭಾರತದ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಪ್ರಕಾರ ಗಣಿತದ ವಿಧಾನ, ವ್ಯಾಪಾರದ ವಿಧಾನ, ಆಲ್ಗಾರಿದಮ್, ಬರೀ ಕಂಪ್ಯೂಟರ್ ಪ್ರೋಗ್ರಾಮ್ ಇವು ಆವಿಷ್ಕಾರಗಳಲ್ಲ. 2004ರ ಕೊನೆಯಲ್ಲಿ ಸುಗ್ರೀವಾಜ್ಞೆಯ ಮೂಲಕ ಇದನ್ನು ಸಡಿಲಿಸಲು ನೋಡಿದರು. 2005ರಲ್ಲಿ ಸಂಸತ್ತು ಆ ಬದಲಾವಣೆಯನ್ನು ಕೈಬಿಟ್ಟಿತು. ಆದರೂ ಇಲ್ಲಿ ತಂತ್ರಾಂಶಕ್ಕೆ ಪೇಟೆಂಟ್ ಇಲ್ಲವೇ ಇಲ್ಲ ಎಂದು ಧೈರ್ಯವಾಗಿ ಹೇಳಿಕೊಂಡು ತಿರುಗಬೇಡಿ. ‘ಬರೀ’ ಎಂಬ ಆ ಒಂದು ಮಾತಿನ ಮೇಲೆ ವಾದ ನಿಂತಿದೆ. 2019ರ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ತಾಂತ್ರಿಕ ಪರಿಣಾಮ ತೋರಿಸುವ ಆವಿಷ್ಕಾರವನ್ನು ಅದು ಪ್ರೋಗ್ರಾಮ್ ಎಂಬ ಕಾರಣಕ್ಕೇ ತಳ್ಳಿಹಾಕಬಾರದು ಎಂದಿತು. ಜೊತೆಗೆ, ಪೇಟೆಂಟ್ ದೇಶದೇಶಕ್ಕೆ ಬೇರೆ. ನಿಮ್ಮ ತಂತ್ರಾಂಶ ಅಮೆರಿಕದಲ್ಲೂ ಇಳಿಯುತ್ತದೆ, ಅಲ್ಲಿನ ಸ್ವಯಂಸೇವಕರೂ ನಿಮ್ಮ ತಂಡದಲ್ಲಿದ್ದಾರೆ.

ಇದನ್ನು ಹೊತ್ತುಕೊಂಡು ಬದುಕುವುದು ಹೇಗೆ ಎಂದು ಫ್ರೀಟೈಪ್ ಯೋಜನೆಯಿಂದ ಕಲಿಯಬಹುದು. ಲಿನಕ್ಸ್ ಮತ್ತು ಆಂಡ್ರಾಯ್ಡ್‌ಗಳಲ್ಲಿ ಕನ್ನಡ ಅಕ್ಷರಗಳ ಆಕಾರವನ್ನು ಚುಕ್ಕಿಗಳಾಗಿ ಬಿಡಿಸುವ ಲೈಬ್ರರಿ ಅದು. ಟ್ರೂಟೈಪ್ ಫಾಂಟ್‌ಗಳ ಒಳಗೆ, ಸಣ್ಣ ಗಾತ್ರದಲ್ಲಿ ಗೆರೆ ಎಲ್ಲಿ ಕೂರಬೇಕು ಎಂದು ಹೇಳುವ ಪುಟ್ಟ ಆದೇಶಗಳಿರುತ್ತವೆ. ಅವನ್ನು ನಡೆಸುವ ವಿಧಾನದ ಮೇಲೆ ಆಪಲ್‌ಗೆ ಪೇಟೆಂಟ್‌ಗಳಿದ್ದವು. ಫ್ರೀಟೈಪ್ ತಂಡ ಆ ಭಾಗವನ್ನು ಅಳಿಸಲಿಲ್ಲ. ಕೋಡ್‌ನಿಂದ ತಂತ್ರಾಂಶ ಕಟ್ಟುವಾಗ ಮೂಲತಃ ಆರಿರುವಂತೆ, ಬೇಕಾದವರು ಹೊತ್ತಿಸಿಕೊಳ್ಳುವಂತೆ ಒಂದು ಸ್ವಿಚ್ ಹಿಂದೆ ಇಟ್ಟಿತು. ಆ ಆದೇಶಗಳನ್ನು ಓದದೆಯೇ ಆಕಾರ ನೋಡಿ ಗೆರೆ ಕೂರಿಸುವ ತನ್ನದೇ ವಿಧಾನವನ್ನೂ ಬರೆಯಿತು. 2010ರ ಮೇ ತಿಂಗಳಲ್ಲಿ ಪೇಟೆಂಟ್‌ಗಳ ಅವಧಿ ಮುಗಿಯಿತು. ಜುಲೈನಲ್ಲಿ ಬಂದ 2.4ನೇ ಆವೃತ್ತಿಯಲ್ಲಿ ಸ್ವಿಚ್ ಹೊತ್ತಿತು. ಪರದೆಯ ಮೇಲೆ ಅಕ್ಷರಗಳನ್ನು ನಯವಾಗಿ ಕಾಣಿಸುವ ಮೈಕ್ರೋಸಾಫ್ಟ್‌ನ ಕ್ಲಿಯರ್‌ಟೈಪ್ ವಿಧಾನಕ್ಕೂ ಇದೇ ಉಪಾಯ. 2017ರಲ್ಲಿ ಹಾರ್ಮನಿ ಎಂಬ ಬೇರೆ ವಿಧಾನವನ್ನೇ ತಂದರು.

ಇದನ್ನೇ ನಿಮ್ಮ ಯೋಜನೆಗೆ ಹೊಂದಿಸಿ. ಅಪಾಯದ ವಾಸನೆ ಇರುವ ಭಾಗ, ಅಂದರೆ ವಿಡಿಯೊ, ಧ್ವನಿ ಸಂಕೋಚನ, ಕೆಲವು ಸಂಪರ್ಕ ವಿಧಾನಗಳು, ಪ್ರತ್ಯೇಕ ಪ್ಲಗಿನ್ ಆಗಿರಲಿ, ತೆಗೆದರೂ ಉಳಿದದ್ದು ನಡೆಯಲಿ. ಫೆಡೋರಾ 2022ರಲ್ಲಿ ಎಚ್.264 ವಿಡಿಯೊದ ಹಾರ್ಡ್‌ವೇರ್ ನೆರವನ್ನು ಪೇಟೆಂಟ್ ಅಂಜಿಕೆಯಿಂದ ತೆಗೆದಾಗ ಇಡೀ ವ್ಯವಸ್ಥೆ ಬೀಳಲಿಲ್ಲ, ಕಾರಣ ಅದು ಬೇರ್ಪಡಿಸಬಹುದಾದ ತುಂಡಾಗಿತ್ತು. ಸಾಧ್ಯವಿದ್ದಲ್ಲಿ ಪೇಟೆಂಟ್ ತಕರಾರಿಲ್ಲದ ಸ್ವರೂಪ ಆರಿಸಿ. ಜಿಐಎಫ್ ಚಿತ್ರಗಳ ಸಂಕೋಚನ ವಿಧಾನಕ್ಕೆ ಯುನಿಸಿಸ್ 1994ರ ಕೊನೆಯಲ್ಲಿ ಹಣ ಕೇಳಿದ್ದರಿಂದಲೇ ಪಿಎನ್‌ಜಿ ಹುಟ್ಟಿತು. ಎಂಪಿ3ರ ಪರವಾನಗಿ ವ್ಯವಹಾರ 2017ರ ಏಪ್ರಿಲ್‌ನಲ್ಲಿ ನಿಂತಿತು, ಈಗ ನಿಶ್ಚಿಂತೆ. ಪೇಟೆಂಟ್‌ಗೆ ಅರ್ಜಿ ಹಾಕಿದ ದಿನದಿಂದ ಸಾಮಾನ್ಯವಾಗಿ 20 ವರ್ಷ ಆಯುಸ್ಸು. ಹಳೆಯ ವಿಧಾನ ಬಳಸುವುದು ನಾಚಿಕೆಯ ವಿಷಯವಲ್ಲ.

ಪೇಟೆಂಟ್ ದಾಖಲೆಗಳನ್ನು ಹುಡುಕುತ್ತಾ ಕೂರಬೇಡಿ. ಗೊತ್ತಿದ್ದೂ ಉಲ್ಲಂಘಿಸಿದರೆ ಅಮೆರಿಕದಲ್ಲಿ ಪರಿಹಾರದ ಮೊತ್ತ ಮೂರು ಪಟ್ಟಿನವರೆಗೆ ಏರಬಹುದು. ಅದಕ್ಕಿಂತ ಮುಖ್ಯವಾಗಿ, ‘ಇದು ಇಂಥವರ ಪೇಟೆಂಟ್‌ಗೆ ತಗಲುತ್ತದೇನೋ’ ಎಂದು ಸಾರ್ವಜನಿಕ ಚರ್ಚೆಯಲ್ಲಿ ಊಹೆ ಬರೆಯಬೇಡಿ. ಡೆಬಿಯನ್ ತನ್ನ ಸ್ವಯಂಸೇವಕರಿಗೆ ಇದನ್ನೇ ಹೇಳುತ್ತದೆ. ಅನುಮಾನವಿದ್ದರೆ ಗೊತ್ತುಪಡಿಸಿದ ಖಾಸಗಿ ವಿಳಾಸಕ್ಕೆ ಬರೆಯಬೇಕು. ನಿಮ್ಮಲ್ಲೂ ಅಂಥದೊಂದು ವಿಳಾಸ ಇರಲಿ.

ನೀವೇ ಹೊಸ ವಿಧಾನ ಕಂಡುಹಿಡಿದಿದ್ದರೆ ಅದನ್ನು ದಿನಾಂಕ ಸಮೇತ ವಿವರವಾಗಿ ಪ್ರಕಟಿಸಿಬಿಡಿ. ಆಮೇಲೆ ಬೇರೆಯವರು ಅದಕ್ಕೆ ಪೇಟೆಂಟ್ ಕೇಳಿದರೆ ಹೊಸತಲ್ಲ ಎಂದು ತೋರಿಸಲು ಪುರಾವೆ ಸಿಗುತ್ತದೆ. ಭಾರತದಲ್ಲಿ ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮುನ್ನ, ಕಲಂ 25(1)ರಡಿ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. 2005ರಲ್ಲಿ ಹುಟ್ಟಿದ ಓಪನ್ ಇನ್ವೆನ್ಷನ್ ನೆಟ್‌ವರ್ಕ್‌ಗೂ ಸೇರಬಹುದು, ಶುಲ್ಕವಿಲ್ಲ. ಲಿನಕ್ಸ್‌ಗೆ ಸಂಬಂಧಿಸಿದ ತಂತ್ರಾಂಶಗಳ ಮೇಲೆ ಪರಸ್ಪರ ಪೇಟೆಂಟ್ ಝಳಪಿಸುವುದಿಲ್ಲ ಎಂಬ ಒಡಂಬಡಿಕೆ ಅದು. ಮೈಕ್ರೋಸಾಫ್ಟ್ ಕೂಡ 2018ರಲ್ಲಿ ತನ್ನ 60,000ಕ್ಕೂ ಹೆಚ್ಚು ಪೇಟೆಂಟ್‌ಗಳ ಸಮೇತ ಸೇರಿತು. ಏನನ್ನೂ ತಯಾರಿಸದೆ ದಾವೆ ಹೂಡುವುದನ್ನೇ ಕಸುಬು ಮಾಡಿಕೊಂಡವರು ಇಂಥ ಒಡಂಬಡಿಕೆಯ ಹೊರಗೇ ಇರುತ್ತಾರೆ ಎಂಬುದು ಬೇರೆ ಮಾತು.

7. ನೋಟಿಸ್ ಬಂದಾಗ

2019ರಲ್ಲಿ ಲಿನಕ್ಸ್‌ನ ಡೆಸ್ಕ್‌ಟಾಪ್ ರೂಪಿಸುವ ಗ್ನೋಮ್ ಯೋಜನೆಯ ಫೌಂಡೇಶನ್ ಮೇಲೆ, ಪೇಟೆಂಟ್ ದಾವೆಯನ್ನೇ ಕಸುಬು ಮಾಡಿಕೊಂಡ ರಾತ್‌ಶೈಲ್ಡ್ ಪೇಟೆಂಟ್ ಇಮೇಜಿಂಗ್ ಎಂಬ ಕಂಪನಿ ದಾವೆ ಹೂಡಿತು. ಶಾಟ್‌ವೆಲ್ ಎಂಬ ಫೋಟೊ ತಂತ್ರಾಂಶ ತನ್ನ ಪೇಟೆಂಟ್ ಉಲ್ಲಂಘಿಸುತ್ತದೆ ಎಂಬುದು ಆರೋಪ. ಹಣ ಕೊಟ್ಟು ಮುಗಿಸಿಕೊಳ್ಳುವ ದಾರಿ ಎದುರಿಗಿತ್ತು. ಅದನ್ನು ಹಿಡಿದರೆ ಮುಂದಿನ ಸರದಿ ಇನ್ನೊಂದು ಬಡ ಯೋಜನೆಯದು ಎಂದು ಗ್ನೋಮ್ ನಿರಾಕರಿಸಿತು. ವಕೀಲರ ಸಂಸ್ಥೆಯೊಂದು ಶುಲ್ಕವಿಲ್ಲದೆ ವಾದಿಸಲು ಬಂತು, ಸುಮಾರು 4,000 ಜನ ದೇಣಿಗೆ ಕೊಟ್ಟರು. 2020ರ ಮೇ ತಿಂಗಳ ರಾಜಿಯಲ್ಲಿ ಗ್ನೋಮ್‌ಗಷ್ಟೇ ಅಲ್ಲ, ಓಪನ್ ಸೋರ್ಸ್ ಲೈಸೆನ್ಸಿನಲ್ಲಿರುವ ಯಾವ ತಂತ್ರಾಂಶದ ಮೇಲೂ ದಾವೆ ಹೂಡುವುದಿಲ್ಲ ಎಂದು ಆ ಕಂಪನಿ ಬರೆದುಕೊಟ್ಟಿತು. 2022ರಲ್ಲಿ ಆ ಪೇಟೆಂಟ್‌ನ ಹಕ್ಕುಗಳೇ ರದ್ದಾದವು.

ನಿಮಗೆ ಪತ್ರ ಬಂದರೆ ಒಂಟಿಯಾಗಿ ಉತ್ತರಿಸಬೇಡಿ, ಕೋಪದಲ್ಲಂತೂ ಬೇಡ. ಕ್ಷಮೆ ಕೇಳಬೇಡಿ, ಒಪ್ಪಿಕೊಳ್ಳುವಂಥ ಒಂದು ಸಾಲನ್ನೂ ಬರೆಯಬೇಡಿ. ರಾತ್ರೋರಾತ್ರಿ ಕೋಡ್, ಹಳೆಯ ಚರ್ಚೆ, ಕಮಿಟ್‌ಗಳನ್ನು ಅಳಿಸಬೇಡಿ. ಅಳಿಸಿದ್ದೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ, ಮತ್ತು ಯಾವ ವಿಧಾನವನ್ನು ನೀವು ಯಾವ ದಿನ ಬಳಸಿದಿರಿ ಎಂಬ ನಿಮ್ಮ ಪುರಾವೆಯೂ ಅದರಲ್ಲೇ ಇರುತ್ತದೆ. ಪತ್ರ ತಲುಪಿದ ದಿನಾಂಕ ಬರೆದಿಡಿ. ಯಾವ ಪೇಟೆಂಟ್, ಯಾವ ದೇಶದ್ದು, ಅವಧಿ ಮುಗಿದಿದೆಯೇ, ಶುಲ್ಕ ಕಟ್ಟಿ ಜೀವಂತ ಇಟ್ಟಿದ್ದಾರೆಯೇ ಎಂಬುದನ್ನು ವಕೀಲರ ಮೂಲಕ ನೋಡಿಸಿ. ದೆಹಲಿಯ ಎಸ್‌ಎಫ್‌ಎಲ್‌ಸಿ ಡಾಟ್ ಇನ್ ಸಂಸ್ಥೆ ಮುಕ್ತ ತಂತ್ರಾಂಶದ ಕಾನೂನು ವಿಷಯಗಳಲ್ಲಿ ಕೆಲಸ ಮಾಡುತ್ತದೆ; ಮೊದಲ ಮಾತಿಗೆ ಅಲ್ಲಿಗೆ ಬರೆಯಬಹುದು.

8. ನಿಮ್ಮ ಕೋಡನ್ನು ಬೇರೆಯವರು ನುಂಗಿದಾಗ

ಅನುಭವದ ಮಟ್ಟಿಗೆ ಪೇಟೆಂಟ್ ನೋಟಿಸ್‌ಗಿಂತ ಇದೇ ಸಾಮಾನ್ಯ. ಮೊದಲು ಸಾಕ್ಷಿ ಕೂಡಿಸಿ: ಅವರ ತಂತ್ರಾಂಶದ ಪ್ರತಿ, ಇಳಿಸಿಕೊಂಡ ದಿನಾಂಕ, ನಿಮ್ಮದೇ ಕಾಗುಣಿತ ದೋಷ ಅವರಲ್ಲೂ ಇದ್ದರೆ ಅದರ ಚಿತ್ರ. ಆಮೇಲೆ ಸೌಜನ್ಯದ ಪತ್ರ. ಎಷ್ಟೋ ಸಲ ಅಲ್ಲಿನ ಯಾರೋ ಕಿರಿಯ ಎಂಜಿನಿಯರ್ ಗೊತ್ತಿಲ್ಲದೆ ಮಾಡಿರುತ್ತಾರೆ. ಜಿಪಿಎಲ್ 3ರಲ್ಲೇ, ಹಕ್ಕುದಾರರು ಮೊದಲ ಬಾರಿ ಎಚ್ಚರಿಸಿದಾಗ 30 ದಿನದೊಳಗೆ ಸರಿಪಡಿಸಿಕೊಂಡರೆ ಹಕ್ಕು ಪೂರ್ತಿ ಮರಳುತ್ತದೆ ಎಂಬ ಅವಕಾಶವಿದೆ.

ಪತ್ರದಲ್ಲಿ ಮೊದಲೇ ಹಣ ಕೇಳಬೇಡಿ. ಲಿನಕ್ಸ್‌ನ ಫೈರ್‌ವಾಲ್ ಬರೆಯುವ ನೆಟ್‌ಫಿಲ್ಟರ್ ತಂಡ 2004ರಲ್ಲಿ ಮ್ಯೂನಿಕ್ ನ್ಯಾಯಾಲಯದಲ್ಲಿ ಜಿಪಿಎಲ್ ಎತ್ತಿಹಿಡಿಸಿ ದಾರಿ ತೋರಿಸಿತ್ತು. ಅದೇ ತಂಡ, ಲೈಸೆನ್ಸ್ ಜಾರಿಯನ್ನು ಸ್ವಂತ ಗಳಿಕೆಗೆ ಬಳಸುತ್ತಿದ್ದಾರೆ ಎಂಬ ಆರೋಪದ ಮೇಲೆ ತನ್ನ ಹಿರಿಯ ಸದಸ್ಯರೊಬ್ಬರನ್ನು 2016ರಲ್ಲಿ ಅಮಾನತು ಮಾಡಬೇಕಾಯಿತು. ಕೇಳಬೇಕಾದದ್ದು ಮೂರು: ಹೆಸರು ಮತ್ತು ಸೂಚನೆ ಮರಳಿ ಹಾಕುವುದು, ಲೈಸೆನ್ಸಿನ ಪ್ರತಿ ಕೊಡುವುದು, ಜಿಪಿಎಲ್ ಆಗಿದ್ದರೆ ಕೋಡ್ ಕೊಡುವುದು.

ಕೋಡ್ ಕೈಗೆ ಬಂದ ಕೂಡಲೇ ಧನ್ಯವಾದ ಹೇಳಿ ಮುಗಿಸಬೇಡಿ. ಅದರಿಂದ ತಂತ್ರಾಂಶವನ್ನು ನಿಮ್ಮ ಯಂತ್ರದಲ್ಲಿ ಕಟ್ಟಿ ನೋಡಿ. ಅರ್ಧಂಬರ್ಧ ಫೈಲ್‌ಗಳನ್ನು ಜಿಪ್ ಮಾಡಿ ಕೊಟ್ಟು ಕೈತೊಳೆದುಕೊಳ್ಳುವವರು ಬಹಳ. ಕಟ್ಟಿ ಅಳವಡಿಸಲು ಬಳಸಿದ ಸ್ಕ್ರಿಪ್ಟ್‌ಗಳನ್ನೂ ಕೊಡಬೇಕು ಎಂದು ಜಿಪಿಎಲ್ 2 ಮತ್ತು 3 ಎರಡರಲ್ಲೂ ಬರೆದಿದೆ. ಎರಡನೇ ಪತ್ರದಲ್ಲಿ ಆ ಸಾಲನ್ನೇ ಉಲ್ಲೇಖಿಸಿ, ನಿಮಗೆ ಬಂದ ದೋಷ ಸಂದೇಶವನ್ನು ಕೆಳಗೆ ಅಂಟಿಸಿ ಕಳಿಸಿ.